ತಿಂಗಳ ಕೊನೆಯ ವಾರ ಕೈ ಖಾಲಿ: ದುಡ್ಡು ಎಲ್ಲಿ ಸೋರುತ್ತಿದೆ?

ಪ್ರಶ್ನೆ: ನಮ್ಮದು ಐದು ಜನರ ಮನೆ. ನಾನು, ನಮ್ಮನೆಯವರು, ಅತ್ತೆ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಆದರೂ ಸಂಬಳದಲ್ಲಿ ನೂರಕ್ಕೆ 40 ಪಾಲು ಊಟ ತಿಂಡಿಗೇ ಹೋಗುತ್ತಿದೆ. ರಿಯಾಯಿತಿ ಇದ್ದಾಗ ಜಾಸ್ತಿ ತಂದು ಇಡುತ್ತೇನೆ. ತಿಂಗಳಿಡೀ ಏನೇನು ಅಡುಗೆ ಅಂತ ಪಟ್ಟಿ ಬರೆದು ಫ್ರಿಡ್ಜ್ ಬಾಗಿಲಿಗೆ ಅಂಟಿಸುತ್ತೇನೆ. ಹತ್ತನೇ ತಾರೀಕಿನ ಹೊತ್ತಿಗೆ ಅದನ್ನು ಯಾರೂ ನೋಡುವುದಿಲ್ಲ, ನಾನೂ ನೋಡುವುದಿಲ್ಲ. ಸುಸ್ತಾಗಿ ವಾರಕ್ಕೆ ಎರಡು ಮೂರು ಸಲ ಹೊರಗಿನಿಂದ ತರಿಸುವುದು ಇದ್ದೇ ಇದೆ. ಕೊನೆಯ ವಾರ ಡಬ್ಬಿಗಳಲ್ಲಿ ಬೇಳೆ ಬಿಟ್ಟರೆ ಬೇರೆ ಏನೂ ಇರುವುದಿಲ್ಲ. ಮಕ್ಕಳು ‘ಮತ್ತೆ ಬೇಳೆನಾ’ ಅಂತ ಮುಖ ಸಿಂಡರಿಸುತ್ತಾರೆ. ನನ್ನದು ದುಂದು ಕೈ ಅನ್ನುತ್ತಾರೆ ಅತ್ತೆ. ಫ್ರಿಡ್ಜ್ ಚಿಕ್ಕದಾಯಿತು, ಅದಕ್ಕೇ ಹೀಗೆ ಅನ್ನುತ್ತಾರೆ ನಮ್ಮನೆಯವರು. ಮಕ್ಕಳ ಊಟದ ಸತ್ವ ಕಡಿಮೆಯಾಗದಂತೆ ಖರ್ಚು ಇಳಿಸುವುದು ಹೇಗೆ? ದೊಡ್ಡ ಫ್ರಿಡ್ಜ್ ತಗೊಳ್ಳಬೇಕೇ?

ಉತ್ತರ: ಫ್ರಿಡ್ಜ್ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ಈಗಿರುವ ಫ್ರಿಡ್ಜಿನ ಹಿಂದಿನ ಮೂಲೆಯಲ್ಲಿ ಏನೇನಿದೆ ಅಂತ ಎದ್ದು ಹೋಗದೆ ಹೇಳಿ ನೋಡೋಣ. ಆಗುವುದಿಲ್ಲ ಅಲ್ವಾ? ದೊಡ್ಡದು ತಂದರೆ ಆ ಮೂಲೆ ಇನ್ನೂ ಒಂದು ಮೊಳ ಹಿಂದಕ್ಕೆ ಹೋಗುತ್ತದೆ, ಅಷ್ಟೇ. ಮರೆತು ಹೋದ ಡಬ್ಬಿಗಳಿಗೆ ಹೊಸ ಮನೆ ಕಟ್ಟಿಕೊಟ್ಟ ಹಾಗೆ.

ನೂರಕ್ಕೆ 40 ಪಾಲು ಅನ್ನುವುದನ್ನು ತಪ್ಪೊಪ್ಪಿಗೆ ಥರ ಬರೆದಿದ್ದೀರಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಜರ್ಮನಿಯ ಅರ್ನ್ಸ್ಟ್ ಎಂಗೆಲ್ ಎಂಬ ಸಂಖ್ಯಾಶಾಸ್ತ್ರಜ್ಞ 1857ರಲ್ಲೇ ಬೆಲ್ಜಿಯಂನ ದುಡಿಯುವ ಕುಟುಂಬಗಳ ಖರ್ಚಿನ ಲೆಕ್ಕ ನೋಡಿ ಒಂದು ಮಾತು ಹೇಳಿದ್ದ. ಆದಾಯ ಕಡಿಮೆ ಇದ್ದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ಜಾಸ್ತಿ. ಹೊಟ್ಟೆ ಸಂಬಳ ನೋಡಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಾಗಾಗಿ ‘ಪಕ್ಕದ ಮನೆಯವರು ನೂರಕ್ಕೆ 20 ಪಾಲಲ್ಲಿ ಮುಗಿಸುತ್ತಾರೆ’ ಅಂತ ಯಾರಾದರೂ ಅಂದರೆ ಅವರ ಸಂಬಳ ಎಷ್ಟು ಅಂತ ಮೊದಲು ಕೇಳಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಏನೇನು ತರುತ್ತೀರಿ ಅಂತ ಇದೆ. ಏನೇನು ಎಸೆಯುತ್ತೀರಿ ಅಂತ ಒಂದು ಮಾತೂ ಇಲ್ಲ. ನನಗೆ ಬರುವ ಪತ್ರಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಹೀಗೇ ಇರುತ್ತವೆ. ಉಳಿತಾಯ ಅಂದ ತಕ್ಷಣ ಎಲ್ಲರ ಕಣ್ಣೂ ಅಂಗಡಿಯ ಕಡೆ ಹೋಗುತ್ತದೆ. ಕಸದ ಬುಟ್ಟಿಯ ಕಡೆ ಯಾರೂ ನೋಡುವುದಿಲ್ಲ. ಸೋರುವುದು ಅಲ್ಲಿ.

ಒಂದು ಕಟ್ಟು ಸೊಪ್ಪನ್ನೇ ತಗೊಳ್ಳಿ. ಅರ್ಧ ಕೆಜಿ ತೂಗುತ್ತದೆ ಅಂದುಕೊಳ್ಳೋಣ. ಬೇರು, ಬಲಿತ ದಂಟು, ಹಳದಿ ಎಲೆ ತೆಗೆದರೆ 350 ಗ್ರಾಂ ಉಳಿಯುತ್ತದೆ. ಭಾನುವಾರ ಅದರಲ್ಲಿ ಅರ್ಧ ಅಡುಗೆಗೆ ಹೋಯಿತು. ಉಳಿದರ್ಧ ತಂದ ಪ್ಲಾಸ್ಟಿಕ್ ಚೀಲದಲ್ಲೇ ಫ್ರಿಡ್ಜಿನ ಕೆಳಗಿನ ಡ್ರಾಯರಿಗೆ ಬಿತ್ತು. ಗುರುವಾರ ತೆಗೆದು ನೋಡಿದರೆ ಚೀಲದ ತಳದಲ್ಲಿ ನೀರು, ಎಲೆಯೆಲ್ಲ ಲೋಳೆ. ಮೂಗು ಮುಚ್ಚಿಕೊಂಡು ಬುಟ್ಟಿಗೆ ಹಾಕುತ್ತೀರಿ. ಈಗ ಲೆಕ್ಕ ಹಾಕಿ. ದುಡ್ಡು ಕೊಟ್ಟಿದ್ದು 500 ಗ್ರಾಂಗೆ, ಹೊಟ್ಟೆಗೆ ಹೋಗಿದ್ದು 175 ಗ್ರಾಂ. ಅಂಗಡಿಯವರು ಹೇಳಿದ ದರದ ಸುಮಾರು ಮೂರು ಪಟ್ಟು ಕೊಟ್ಟು ತಿಂದ ಹಾಗಾಯಿತು. ಅದೇ ದಿನ ‘ದುಬಾರಿ’ ಅಂತ ಬಿಟ್ಟು ಬಂದ ತರಕಾರಿ ಸೊಪ್ಪಿನ ಎರಡು ಪಟ್ಟು ಬೆಲೆಯದಿರಬಹುದು. ಆದರೆ ತುದಿಯಿಂದ ಬುಡದ ತನಕ ಖರ್ಚಾಗುವಂಥದ್ದಾಗಿದ್ದರೆ ಅದೇ ನಿಮಗೆ ಅಗ್ಗ. ಸೊಪ್ಪು ತರಬೇಡಿ ಅಂತಲ್ಲ. ಬೆಲೆ ನೋಡಬೇಕಾದ್ದು ತಂದ ತೂಕಕ್ಕಲ್ಲ, ತಿಂದ ತೂಕಕ್ಕೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ನೂರಕ್ಕೆ 60 ಪಾಲು ಪೋಲಾಗಿದ್ದು ಹೋಟೆಲ್ಲುಗಳಲ್ಲಲ್ಲ, ಅಂಗಡಿಗಳಲ್ಲೂ ಅಲ್ಲ, ಮನೆಗಳಲ್ಲಿ. ತಲೆಗೆ ವರ್ಷಕ್ಕೆ 79 ಕೆಜಿ. ಐದು ಜನರ ಮನೆ ಅಂದರೆ ದಿನಕ್ಕೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಇದರಲ್ಲಿ ಸಿಪ್ಪೆ, ಮೂಳೆಯಂಥ ತಿನ್ನಲಾಗದ್ದೂ ಸೇರಿದೆ ನಿಜ. ನಿಮ್ಮ ಮನೆಯದು ಇದಕ್ಕಿಂತ ಕಡಿಮೆಯೂ ಇರಬಹುದು. ಎಷ್ಟು ಅಂತ ನನಗಾಗಲಿ ನಿಮಗಾಗಲಿ ಊಹೆ ಯಾಕೆ? ಎರಡು ವಾರ ಒಂದು ನೋಟ್‌ಬುಕ್ ಇಡಿ. ಖರ್ಚು ಬರೆಯುವುದಕ್ಕಲ್ಲ, ಎಸೆದದ್ದು ಬರೆಯುವುದಕ್ಕೆ. ‘ಬುಧವಾರ, ಅನ್ನ ಎರಡು ಬಟ್ಟಲು. ಗುರುವಾರ, ಅರ್ಧ ಸೌತೆಕಾಯಿ, ಬ್ರೆಡ್ಡಿನ ಕೊನೆಯ ನಾಲ್ಕು ತುಂಡು.’ ಇಷ್ಟು ಸಾಕು. ಬೆಲೆ ಬರೆಯಬೇಡಿ, ಬೈಗುಳವಂತೂ ಬೇಡವೇ ಬೇಡ. ಎರಡು ವಾರಕ್ಕೆ ನಿಮ್ಮ ಮನೆಯ ಕಳ್ಳ ಸಿಕ್ಕಿಬೀಳುತ್ತಾನೆ. ಸಾಮಾನ್ಯವಾಗಿ ಹತ್ತು ಹನ್ನೆರಡು ಪದಾರ್ಥ ಇರುವುದಿಲ್ಲ. ಅದೇ ಮೂರೋ ನಾಲ್ಕೋ ಮತ್ತೆ ಮತ್ತೆ ಬರುತ್ತವೆ. ಅವುಗಳನ್ನು ಕಡಿಮೆ ತರುವುದೋ, ಬೇರೆ ಥರ ಇಡುವುದೋ ಅಂತ ಯೋಚಿಸಿದರೆ ಆಯಿತು. ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಹೋಗಬೇಡಿ.

ಇಡುವ ರೀತಿಯಲ್ಲಿ ಕೆಲವು ಸಣ್ಣ ವಿಷಯಗಳಿವೆ, ಆದರೆ ಬಾಳಿಕೆ ಬರುತ್ತವೆ. ಸೊಪ್ಪಿಗೆ ತೇವವೇ ಶತ್ರು. ತೊಳೆಯದೆ, ಹಳದಿ ಎಲೆ ಆರಿಸಿ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಎಷ್ಟೋ ದಿನ ಜಾಸ್ತಿ ತಾಳುತ್ತದೆ. ಹಣ್ಣಾದ ಬಾಳೆ, ಸೇಬು, ಟೊಮೆಟೊ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಪಕ್ಕದಲ್ಲಿರುವ ಸೊಪ್ಪು, ಸೌತೆ ಅದಕ್ಕೇ ಬೇಗ ಹಳದಿಯಾಗುವುದು. ಬೇರೆ ಬೇರೆ ಇಡಿ. ಆಲೂಗಡ್ಡೆ, ಈರುಳ್ಳಿ ಎರಡಕ್ಕೂ ಗಾಳಿ ಬೇಕು, ಆದರೆ ಒಂದೇ ಬುಟ್ಟಿಯಲ್ಲಿ ಬೇಡ. ಜೊತೆಯಲ್ಲಿದ್ದರೆ ಎರಡೂ ಬೇಗ ಕೆಡುತ್ತವೆ. ಆಲೂಗಡ್ಡೆಗೆ ಕತ್ತಲೆಯೂ ಬೇಕು. ಬೆಳಕಿಗೆ ಹಸಿರಾದ ಆಲೂಗಡ್ಡೆಯಲ್ಲಿ ಸೋಲನೈನ್ ಅನ್ನುವ ವಿಷ ಹೆಚ್ಚುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಚೆನ್ನಾಗಿ ಹಸಿರಾಗಿದ್ದರೆ ಉಳಿತಾಯದ ಮುಖ ನೋಡದೆ ಎಸೆಯಿರಿ.

ಇನ್ನು ಫ್ರಿಡ್ಜಿನ ಕಣ್ಣಿಗೆ ಬೀಳುವ ತಟ್ಟೆಯಲ್ಲಿ, ಎಲ್ಲಕ್ಕಿಂತ ಮುಂದೆ, ಒಂದು ಡಬ್ಬಿ ಇಡಿ. ನಮ್ಮ ಮನೆಯಲ್ಲಿ ಅದರ ಹೆಸರು ‘ಮೊದಲು ನನ್ನನ್ನು’. ಅರ್ಧ ಕತ್ತರಿಸಿದ ಈರುಳ್ಳಿ, ನಾಳೆ ಹಾಳಾಗುವ ಟೊಮೆಟೊ, ಒಂದು ಹಿಡಿ ಬೆಂದ ಕಾಳು ಎಲ್ಲ ಅದರೊಳಗೆ. ಅಡುಗೆಗೆ ನಿಂತವರು ಯಾರೇ ಆಗಲಿ ಮೊದಲು ಆ ಡಬ್ಬಿ ತೆಗೆದು ನೋಡಬೇಕು, ಆಮೇಲೆ ಬೇರೆ ತರಕಾರಿಗೆ ಕೈ ಹಾಕಬೇಕು. ಇದೊಂದು ಅಭ್ಯಾಸ ನಮ್ಮ ಮನೆಗೆ ಉಳಿಸಿಕೊಟ್ಟಷ್ಟು ಬೇರೆ ಯಾವ ಜಾಣತನವೂ ಉಳಿಸಿಕೊಟ್ಟಿಲ್ಲ.

ಪೊಟ್ಟಣದ ಮೇಲಿನ ತಾರೀಕಿನ ಬಗ್ಗೆಯೂ ಹೇಳಿಬಿಡುತ್ತೇನೆ. ‘ಈ ದಿನದವರೆಗೆ ಉತ್ತಮ’ ಅನ್ನುವುದು ರುಚಿಗೆ, ಗುಣಕ್ಕೆ ಸಂಬಂಧಿಸಿದ್ದು. ಒಣ ಪದಾರ್ಥ ಆ ತಾರೀಕು ದಾಟಿದ ಮಾತ್ರಕ್ಕೆ ವಿಷವಾಗುವುದಿಲ್ಲ. ವಾಸನೆ ನೋಡಿ, ಹುಳ ನೋಡಿ, ಬಳಸಿ. ‘ಈ ದಿನದೊಳಗೆ ಬಳಸಿ’ ಅಂತಿದ್ದರೆ ಮಾತ್ರ ಅದು ಆರೋಗ್ಯದ ವಿಷಯ. ಅಲ್ಲಿ ಚೌಕಾಸಿ ಬೇಡ.

ಅನ್ನದ ವಿಷಯದಲ್ಲೂ ಚೌಕಾಸಿ ಬೇಡ. ಮಿಕ್ಕಿದ ಅನ್ನವನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಟ್ಟು ಬೆಳಗ್ಗೆ ಬಿಸಿ ಮಾಡಿದರೆ ಸರಿಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಅಕ್ಕಿ ಬೆಂದರೂ ಸಾಯುವುದಿಲ್ಲ. ಉಗುರು ಬೆಚ್ಚಗಿನ ಅನ್ನದಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹಾಗೇ ಇರುತ್ತದೆ. ಮಿಕ್ಕಿದ್ದನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಸಾಧ್ಯವಾದರೆ ಒಂದು ಗಂಟೆಯೊಳಗೆ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಫ್ರಿಡ್ಜಿಗೆ ಸೇರಿಸಿ. ಮರುದಿನ ಮುಗಿಸಿ. ಫ್ರಿಡ್ಜ್ ಒಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಲಿ. ಒಬ್ಬರು ಹೊಟ್ಟೆ ಕೆಡಿಸಿಕೊಂಡು ಮಲಗಿದರೆ ಮೂರು ತಿಂಗಳ ಉಳಿತಾಯ ಒಂದೇ ದಿನ ಖಾಲಿ.

ಈಗ ಎರಡನೇ ಸೋರಿಕೆ. ಅದು ನೀವೇ ಬರೆದಿರುವ ‘ಸುಸ್ತಾಗಿ ತರಿಸುವುದು’. ತಿಂಗಳ ಪಟ್ಟಿ ಯಾಕೆ ಬಿದ್ದುಹೋಗುತ್ತದೆ ಗೊತ್ತಾ? ಅದನ್ನು ಬರೆದವರು ಭಾನುವಾರ ಬೆಳಗ್ಗೆಯ ನೀವು, ಕಾಫಿ ಕುಡಿದು ಹುರುಪಿನಲ್ಲಿರುವವರು. ಪಾಲಿಸಬೇಕಾದವರು ಬುಧವಾರ ರಾತ್ರಿಯ ನೀವು. ಅವರಿಬ್ಬರಿಗೂ ಪರಿಚಯವೇ ಇಲ್ಲ. ಪಟ್ಟಿಯಲ್ಲಿ ‘ತರಕಾರಿ ತುಂಬಿದ ರೊಟ್ಟಿ’ ಅಂತ ಇರುತ್ತದೆ. ಮನೆಗೆ ಬಂದಾಗ ಗಂಟೆ ಎಂಟು, ಚಿಕ್ಕವನ ಹೋಮ್‌ವರ್ಕ್ ಬಾಕಿ, ಹಿಟ್ಟು ಕಲಸಿಲ್ಲ. ಫೋನ್ ಕೈಗೆ ಬರುತ್ತದೆ. ಹೊರಗಿನಿಂದ ತರಿಸಿದ ಒಂದು ಊಟದ ಬಿಲ್ಲಿನಲ್ಲಿ ನಿಮ್ಮ ಮನೆಯ ಎಷ್ಟು ದಿನದ ದಿನಸಿ ಬರುತ್ತದೆ ಅಂತ ನೀವೇ ಒಮ್ಮೆ ಭಾಗಿಸಿ ನೋಡಿ. ಆ ಸಂಖ್ಯೆ ಕಾಳಿನ ಡಬ್ಬಿಯ ಮುಚ್ಚಳದ ಒಳಗೆ ಬರೆದಿಡಿ, ತಮಾಷೆಗಲ್ಲ.

ಹಾಗಾಗಿ ತಿಂಗಳ ಪಟ್ಟಿ ಹರಿದು ಹಾಕಿ. ವಾರಕ್ಕೆ ಐದು ರಾತ್ರಿಯ ಅಡುಗೆ ಮಾತ್ರ ಯೋಚಿಸಿ. ಅದರಲ್ಲಿ ಎರಡು ‘ಸುಸ್ತಿನ ಅಡುಗೆ’ ಆಗಿರಲಿ. 20 ನಿಮಿಷದೊಳಗೆ ಮುಗಿಯಬೇಕು, ಹೊಸದಾಗಿ ಏನೂ ತರಬೇಕಾಗಿರಬಾರದು, ಮಕ್ಕಳು ತಕರಾರಿಲ್ಲದೆ ತಿನ್ನಬೇಕು. ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಬ್ರೆಡ್ಡು, ಒಂದು ಹಸಿ ತರಕಾರಿ. ಇಲ್ಲವೇ ಬೇಯಿಸಿ ಫ್ರೀಜರಿನಲ್ಲಿಟ್ಟ ಕಾಳು, ಈರುಳ್ಳಿ, ಟೊಮೆಟೊ, ಜೊತೆಗೆ ಅನ್ನ. ಉಳಿದೆರಡು ರಾತ್ರಿ ಖಾಲಿ ಬಿಡಿ. ಒಂದು ಮಿಕ್ಕಿದ್ದನ್ನು ಮುಗಿಸಲು, ಇನ್ನೊಂದು ಜೀವನದಲ್ಲಿ ಏನೇನೋ ಆಗುತ್ತದಲ್ಲ, ಅದಕ್ಕೆ. ಹೊರಗಿನ ಊಟ ಪೂರ್ತಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದವರ ಮಾತು ಎರಡು ವಾರ ನಡೆಯುತ್ತದೆ, ಮೂರನೇ ವಾರ ಬಡ್ಡಿ ಸಮೇತ ವಾಪಸ್. ತಿಂಗಳಿಗೆ ಎರಡು ಸಲ, ಮೊದಲೇ ದಿನ ಗೊತ್ತುಮಾಡಿ, ಖುಷಿಗೆ ತರಿಸಿ. ಸೋತು ಸುಣ್ಣವಾಗಿ ತರಿಸಿದ ಊಟದ ರುಚಿಯೂ ನೆನಪಿರುವುದಿಲ್ಲ.

‘ಮತ್ತೆ ಬೇಳೆನಾ’ ಅನ್ನುವ ಮಾತಿಗೆ ಬರೋಣ. ಬೇಳೆ ಕಾಳು ಬಿಟ್ಟುಕೊಡಬೇಡಿ. ಕಡಿಮೆ ದುಡ್ಡಿಗೆ ಅದಕ್ಕಿಂತ ಒಳ್ಳೆಯ ಪ್ರೋಟೀನ್ ಸಿಗುವುದು ಕಷ್ಟ. 100 ಗ್ರಾಂ ಒಣ ಕಾಳಿನಲ್ಲಿ 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಆ 100 ಗ್ರಾಂ ಕಾಳು ನೆನೆದು ಬೆಂದಾಗ ಹತ್ತಿರ ಹತ್ತಿರ 250 ಗ್ರಾಂ ಆಗುತ್ತದೆ. ಪ್ರೋಟೀನ್ ಆಗುವುದೇ ಅಮೈನೊ ಆಮ್ಲಗಳಿಂದ. ಧಾನ್ಯದಲ್ಲಿ ಲೈಸಿನ್ ಅನ್ನುವ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಮೆಥಿಯೊನಿನ್ ಅನ್ನುವ ಇನ್ನೊಂದು ಅಮೈನೊ ಆಮ್ಲ ಕಡಿಮೆ, ಧಾನ್ಯದಲ್ಲಿ ಅದಿದೆ. ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಒಂದೇ ತಟ್ಟೆಯಲ್ಲಿ ಇರಲೇಬೇಕು ಅಂತಿಲ್ಲ, ಅದೇ ದಿನದ ಊಟದಲ್ಲಿದ್ದರೆ ಸಾಕು. ಕಾಳಿನ ಕಬ್ಬಿಣ ಮೈಗೆ ಹತ್ತಬೇಕಾದರೆ ಮೇಲೆ ನಿಂಬೆ ಹಿಂಡಿ, ಇಲ್ಲವೇ ಹಸಿ ಟೊಮೆಟೊ ಕೊಡಿ. ವಿಟಮಿನ್ ಸಿ ಅದನ್ನು ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಜೊತೆ ಚಹಾ ಕುಡಿಯುವ ಅಭ್ಯಾಸ ಯಾರಿಗಾದರೂ ಇದ್ದರೆ ಒಂದು ಗಂಟೆ ಮುಂದಕ್ಕೆ ತಳ್ಳಿ, ಅದು ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ.

ಮಕ್ಕಳಿಗೆ ಬೇಜಾರಾಗಿರುವುದು ಬೇಳೆ ಅಂದರೆ ಅಂತ ನನಗೆ ಅನಿಸುವುದಿಲ್ಲ. ಅದೇ ಬಣ್ಣ, ಅದೇ ಮೆತ್ತಗಿನ ಹದ, ಕೊನೆಯ ವಾರದ ಅದೇ ಸಪ್ಪೆ ಮುಖ. ಬೆಂದ ಕಾಳಿನ ನೀರು ಪೂರ್ತಿ ಬಸಿದು ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಹಾಕಿ ಗರಿಗರಿ ಹುರಿದು ಕೊಡಿ. ಇನ್ನೊಂದು ದಿನ ನುಣ್ಣಗೆ ಅರೆದು ಬೆಳ್ಳುಳ್ಳಿ, ನಿಂಬೆರಸ ಸೇರಿಸಿ ರೊಟ್ಟಿಗೆ ಹಚ್ಚಿ. ಮತ್ತೊಂದು ದಿನ ಬೆಂದ ಆಲೂಗಡ್ಡೆ ಜೊತೆ ಕಿವುಚಿ ತಟ್ಟಿ ಬೇಯಿಸಿ. ಪದಾರ್ಥ ಒಂದೇ, ಹಲ್ಲಿಗೆ ಸಿಗುವುದು ಬೇರೆ.

ಈರುಳ್ಳಿಗೆ ಸಮಯ ಕೊಡುವುದೂ ಹಾಗೇ. ಒಂದು ಸಲ ಒಲೆಯ ಮುಂದೆ ನಿಂತು ನೋಡಿ. ಎರಡು ಈರುಳ್ಳಿ, ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು, ಸಣ್ಣ ಉರಿ. ಐದು ನಿಮಿಷಕ್ಕೆ ಗಾಜಿನ ಹಾಗಾಗುತ್ತದೆ. ನಾವೆಲ್ಲ ಅವಸರದಲ್ಲಿ ಮುಂದಕ್ಕೆ ಹೋಗುವುದು ಇಲ್ಲೇ. ಇನ್ನೂ ಹತ್ತು ನಿಮಿಷ ಬಿಡಿ. ಅಂಚು ಕಂದುತ್ತದೆ, ತಳ ಹಿಡಿಯಲು ಶುರುವಾಗುತ್ತದೆ. ಆಗ ಒಂದು ಚಮಚ ನೀರು ಚಿಮುಕಿಸಿ ಕೆರೆದರೆ ತಳದ ಆ ಕಂದು ಬಣ್ಣವೆಲ್ಲ ಈರುಳ್ಳಿಗೆ ಬರುತ್ತದೆ. ಮತ್ತೆ ಹಿಡಿಯಲು ಬಿಡಿ, ಮತ್ತೆ ನೀರು. ಮೂರು ಸಲ ಹೀಗೆ ಮಾಡಿ ಅದಕ್ಕೆ ಬೆಂದ ಬೇಳೆ ಸುರಿಯಿರಿ. ಮನೆಯಿಡೀ ವಾಸನೆ ಹರಡಿ ಯಾರೋ ಬಂದು ‘ಏನು ಇವತ್ತು’ ಅಂತ ಕೇಳದಿದ್ದರೆ ನನಗೆ ಬರೆಯಿರಿ.

ಕಾಳು ಬೇಯಿಸುವಾಗ ಎರಡು ಮಾತು. ರಾತ್ರಿ ನೆನೆಸುವ ನೀರಿಗೆ ಸ್ವಲ್ಪ ಉಪ್ಪು ಹಾಕಿ, ಸಿಪ್ಪೆ ಮೆತ್ತಗಾಗುತ್ತದೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುವುದು ಹಳೆಯ ನಂಬಿಕೆ. ನಿಜವಾಗಿ ಬೇಯದಂತೆ ತಡೆಯುವುದು ಹುಳಿ ಮತ್ತು ಗಡಸು ನೀರು. ಹಾಗಾಗಿ ಟೊಮೆಟೊ, ಹುಳಿ ಎಲ್ಲ ಕಾಳು ಮೆತ್ತಗಾದ ಮೇಲೆ. ಎರಡನೆಯದು ಕೆಂಪು ರಾಜ್ಮಾ. ಅದರ ಹಸಿ ಕಾಳಿನಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಇರುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುದಿ ಬಂದ ಮೇಲೆ ಕನಿಷ್ಠ 10 ನಿಮಿಷ ಜೋರಾಗಿ ಕುದಿಸಲೇಬೇಕು, 30 ನಿಮಿಷವಾದರೆ ಇನ್ನೂ ನಿಶ್ಚಿಂತೆ. ಕುಕ್ಕರಿನಲ್ಲಿ ಕೂಗಿಸಿದರೆ ಚಿಂತೆಯಿಲ್ಲ. ಕುದಿಯದೆ ಬರೀ ಬೆಚ್ಚಗೆ ಗಂಟೆಗಟ್ಟಲೆ ಇಡುವ ಪಾತ್ರೆಗಳಿಗೆ ಹಸಿ ರಾಜ್ಮಾ ಹಾಕಬೇಡಿ.

ವಾರಕ್ಕೊಮ್ಮೆ ಅರ್ಧ ಕೆಜಿ ಕಾಳು ಒಟ್ಟಿಗೆ ಬೇಯಿಸಿ, ಒಂದೊಂದು ಊಟಕ್ಕೆ ಬೇಕಾದಷ್ಟು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿ. ಫ್ರಿಡ್ಜಿನ ಕೆಳಭಾಗದಲ್ಲಾದರೆ ಮೂರು ನಾಲ್ಕು ದಿನ. ಒಂದೇ ಸಲ ಬೇಯಿಸುವುದರಿಂದ ಇಂಧನವೂ ಉಳಿಯುತ್ತದೆ.

ಇಂಧನದ ಮಾತು ಬಂತಲ್ಲ, ಇಲ್ಲಿ ನಾನು ಸ್ವಲ್ಪ ಮೇಷ್ಟ್ರಾಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 20 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಸುಮಾರು 335 ಕಿಲೋಜೂಲ್ ಶಾಖ ಬೇಕು. ಅದೇ ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡಲು ಇನ್ನೂ 2,257 ಕಿಲೋಜೂಲ್. ಹತ್ತಿರ ಹತ್ತಿರ ಏಳು ಪಟ್ಟು. ಅಂದರೆ ಮುಚ್ಚಳ ಇಲ್ಲದೆ ಗಳಗಳ ಕುದಿಸುವಾಗ ಅಡುಗೆಮನೆ ತುಂಬುವ ಆ ಹಬೆ ಇದೆಯಲ್ಲ, ನಿಮ್ಮ ಇಂಧನದ ದೊಡ್ಡ ಪಾಲು ಅದರ ಜೊತೆ ಕಿಟಕಿಯಿಂದ ಹೊರಗೆ ಹೋಗುತ್ತಿದೆ. ಇನ್ನೊಂದು ವಿಷಯ, ನೀರು ಒಮ್ಮೆ ಕುದಿಯಲು ಶುರುವಾದ ಮೇಲೆ ಉರಿ ಎಷ್ಟೇ ಹೆಚ್ಚಿಸಿದರೂ ಅದರ ಬಿಸಿ ಏರುವುದಿಲ್ಲ. ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ನಿಂತುಬಿಡುತ್ತದೆ. ದೊಡ್ಡ ಉರಿಯಲ್ಲಿ ಆಲೂಗಡ್ಡೆ ಬೇಗ ಬೇಯುವುದಿಲ್ಲ, ನೀರು ಬೇಗ ಆರುತ್ತದೆ ಅಷ್ಟೇ. ಕುದಿ ಬಂದ ತಕ್ಷಣ ಮುಚ್ಚಳ ಹಾಕಿ ಉರಿ ಸಣ್ಣ ಮಾಡಿ.

ಕುಕ್ಕರಿನ ಕಥೆ ಬೇರೆ. ಒಳಗೆ ಒತ್ತಡ ಏರಿದಾಗ ನೀರು ಸುಮಾರು 120 ಡಿಗ್ರಿಯವರೆಗೂ ಹೋಗುತ್ತದೆ, ಅದಕ್ಕೇ ಕಾಳು ಬೇಗ ಬೇಯುವುದು. ಒತ್ತಡ ತುಂಬಿದ ಮೇಲೆ ಅದು ನಿಲ್ಲುವಷ್ಟು ಉರಿ ಸಾಕು, ಪದೇ ಪದೇ ಜೋರಾಗಿ ಕೂಗಿಸುವುದು ಸುಮ್ನೆ ಹಬೆ ಕಳೆಯುವ ಕೆಲಸ. ಒಲೆ ಆರಿಸಿದ ಮೇಲೂ ತಾನಾಗಿ ಇಳಿಯಲು ಬಿಡಿ, ಆ ಹತ್ತು ನಿಮಿಷವೂ ಬಿಟ್ಟಿ ಅಡುಗೆಯೇ. ಅನ್ನಕ್ಕೆ ಇನ್ನೊಂದು ಉಪಾಯವಿದೆ. ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಳ ಹಾಕಿ ಐದು ನಿಮಿಷ ಚೆನ್ನಾಗಿ ಕುದಿಸಿ, ಒಲೆಯಿಂದ ದೂರ ಇಳಿಸಿ, ದಪ್ಪ ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿ ಮುಕ್ಕಾಲು ಗಂಟೆ ಬಿಟ್ಟರೆ ತಾನೇ ಬೇಯುತ್ತದೆ. ಮಹಾಯುದ್ಧಗಳ ಕಾಲದಲ್ಲಿ ಯುರೋಪಿನ ಮನೆಗಳಲ್ಲಿ ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹೀಗೇ ಅಡುಗೆ ಮಾಡುತ್ತಿದ್ದರು. ಬಿಸಿ ಬಿಸಿಯಾಗಿರುವಾಗಲೇ ತೆಗೆದು ಬಡಿಸಿ, ಅದರೊಳಗೇ ತಣ್ಣಗಾಗಲು ಬಿಡಬೇಡಿ. ಅನ್ನದ ಬಗ್ಗೆ ಆಗಲೇ ಹೇಳಿದ್ದು ನೆನಪಿದೆಯಲ್ಲ.

ರಿಯಾಯಿತಿ. ಇದರಲ್ಲಿ ನನ್ನದೇ ಒಂದು ಮುಖಭಂಗದ ಕಥೆ ಇದೆ. ಮದುವೆಯಾದ ಹೊಸತರಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹತ್ತು ಕೆಜಿ ಗೋಧಿ ಹಿಟ್ಟು ಹೊತ್ತು ತಂದೆ. ಮನೆಯಲ್ಲಿ ಇದ್ದದ್ದು ಇಬ್ಬರು. ಎರಡು ತಿಂಗಳಿಗೆ ಹಿಟ್ಟಿಗೆ ಒಂಥರಾ ಕಮಟು ವಾಸನೆ ಬಂತು, ಮೂರನೇ ತಿಂಗಳು ಹುಳ. ಜರಡಿ ಹಿಡಿದು ಬಿಸಿಲಿಗೆ ಹಾಕಿ ಏನೆಲ್ಲ ಸರ್ಕಸ್ ಮಾಡಿದರೂ ಕೊನೆಗೆ ಆರು ಕೆಜಿ ಎಸೆದೆ. ಇಡೀ ಧಾನ್ಯದ ಹಿಟ್ಟಿನಲ್ಲಿ ಮೊಳಕೆ ಭಾಗದ ಎಣ್ಣೆಯೂ ಸೇರಿರುತ್ತದೆ, ಗಾಳಿ ತಾಗಿದರೆ ಅದು ಬೇಗ ಕಮಟುತ್ತದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಆ ದಿನದಿಂದ ನನ್ನ ಲೆಕ್ಕ ಹೀಗೆ. ಉಪ್ಪು, ಸಕ್ಕರೆ, ಅಕ್ಕಿ, ಒಣ ಕಾಳು, ಸೋಪು ಇವು ಜಾಸ್ತಿ ತಂದರೂ ತಾಳುತ್ತವೆ, ಆದರೂ ಕಾಳು ಹಳೆಯದಾದಷ್ಟೂ ಬೇಯುವುದು ತಡ, ಇಂಧನ ಜಾಸ್ತಿ. ಹಿಟ್ಟು, ಎಣ್ಣೆ, ಕಡಲೆಬೀಜ, ಪುಡಿ ಮಾಡಿದ ಮಸಾಲೆ ಇವು ತಿಂಗಳಿಗೆ ಆಗುವಷ್ಟೇ. ‘ಎರಡಕ್ಕೆ ಒಂದು ಉಚಿತ’ ಅಂತ ಬರೆದಿದ್ದರೆ ಕೆಜಿಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಅಲ್ಲ, ಪಕ್ಕದ ಚಿಕ್ಕ ಪೊಟ್ಟಣವೇ ಕಡಿಮೆಗೆ ಬೀಳುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಪಟ್ಟಿಯಲ್ಲಿ ಇಲ್ಲದ ಸಾಮಾನಿಗೆ ರಿಯಾಯಿತಿ ಸಿಕ್ಕರೆ ಅದು ಉಳಿತಾಯ ಅಲ್ಲ, ಖರ್ಚು.

ಕೊನೆಯ ವಾರದ ಖಾಲಿತನಕ್ಕೆ ಇನ್ನೊಂದು ಕಾರಣ ಬರೀ ಗಣಿತ. ತಿಂಗಳು ಅಂದರೆ ನಾಲ್ಕು ವಾರ ಅಂತ ನಾವೆಲ್ಲ ಭಾಗ ಮಾಡುತ್ತೇವೆ. ನಾಲ್ಕು ವಾರಕ್ಕೆ 28 ದಿನ. ಉಳಿದ ಎರಡು ಮೂರು ದಿನಕ್ಕೆ ಯಾರ ಲೆಕ್ಕದಲ್ಲೂ ದುಡ್ಡಿಲ್ಲ, ಆದರೆ ಹೊಟ್ಟೆ ಇದೆ. ತಿಂಗಳ ಮೊತ್ತದಲ್ಲಿ ಮೊದಲು ಅಕ್ಕಿ, ಬೇಳೆ, ಎಣ್ಣೆಯಂಥ ಡಬ್ಬಿ ಸಾಮಾನಿನ ದುಡ್ಡು ಬೇರೆ ಎತ್ತಿಡಿ. ಉಳಿದದ್ದನ್ನು 30ರಿಂದ ಭಾಗಿಸಿ ಏಳರಿಂದ ಗುಣಿಸಿ. ಹಾಲು, ತರಕಾರಿ, ಹಣ್ಣಿಗೆ ವಾರದ ಮೊತ್ತ ಅದು. ಈ ವಾರ ಮುಗಿದರೆ ಮುಂದಿನ ವಾರದ ದುಡ್ಡಿಗೆ ಕೈ ಹಾಕುವ ಹಾಗಿಲ್ಲ. ಮೊದಮೊದಲು ಪ್ರತಿ ವಾರದ ಕೊನೆಗೂ ಒಂದು ಸಣ್ಣ ಬಿಕ್ಕಟ್ಟು ಬರುತ್ತದೆ. ಬರಲಿ. ಒಂದು ದಿನದ ಬಿಕ್ಕಟ್ಟನ್ನು ಒಂದು ಪಾತ್ರೆ ಕಾಳಿನಲ್ಲಿ ದಾಟಬಹುದು, ಒಂದು ವಾರದ್ದು ಕಷ್ಟ.

ಎಲ್ಲಿ ಕತ್ತರಿ ಹಾಕಬಾರದು ಅಂತಲೂ ಹೇಳಬೇಕು. ಮಕ್ಕಳ ಹಾಲು ಅಥವಾ ಮೊಸರು, ದಿನಕ್ಕೊಂದು ಹಣ್ಣು. ಅತ್ತೆಯವರ ಪ್ರೋಟೀನ್ ಕೂಡ. ವಯಸ್ಸಾದವರು ‘ನನಗೆ ಇಷ್ಟು ಸಾಕು’ ಅಂತ ತಟ್ಟೆ ಸರಿಸುತ್ತಾರೆ, ಮನೆ ಕಷ್ಟದಲ್ಲಿದೆ ಅಂತ ಗೊತ್ತಾದರೆ ಇನ್ನೂ ಬೇಗ ಸರಿಸುತ್ತಾರೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಅವರಿಗೆ ಕಾಳು, ಮೊಸರು ಕಡಿಮೆಯಾಗಬಾರದು. ನೀವೂ ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದು ತಿನ್ನುವವರಾಗಿದ್ದರೆ ಅದನ್ನು ಉಳಿತಾಯದ ಲೆಕ್ಕಕ್ಕೆ ಸೇರಿಸಬೇಡಿ, ದಯವಿಟ್ಟು.

ಎರಡು ವಾರದ ನೋಟ್‌ಬುಕ್ ಬರೆದ ಮೇಲೆ ಅದರಲ್ಲಿ ಹೆಚ್ಚೇನೂ ಇಲ್ಲ, ಹೊರಗಿನಿಂದ ತರಿಸುವುದೂ ನಿಂತಿದೆ, ಆದರೂ ತಿಂಗಳ ಕೊನೆಗೆ ಸಾಲುವುದಿಲ್ಲ ಅಂತಾದರೆ ಅದು ಅಡುಗೆಮನೆಯ ತಪ್ಪಲ್ಲ. ಆಗ ನೋಡಬೇಕಾದ್ದು ಬಾಡಿಗೆ, ಸಾಲದ ಕಂತು, ಸಂಬಳ. ಈರುಳ್ಳಿ ಎಷ್ಟು ಹುರಿದರೂ ಅದು ಸರಿಹೋಗುವುದಿಲ್ಲ. ಆ ಲೆಕ್ಕವನ್ನು ಇಬ್ಬರೂ ಕೂತು ನೋಡಬೇಕು, ನೀವೊಬ್ಬರೇ ಅಲ್ಲ.

ನೋಟ್‌ಬುಕ್ಕನ್ನು ನೀವು ಬರೆಯಬೇಡಿ, ಅತ್ತೆಯವರ ಕೈಗೆ ಕೊಡಿ. ಹಗಲು ಮನೆಯಲ್ಲಿ ಇರುವವರು ಅವರೇ ಆಗಿದ್ದರೆ ಬುಟ್ಟಿಗೆ ಏನು ಬಿತ್ತು ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ‘ಮೊದಲು ನನ್ನನ್ನು’ ಡಬ್ಬಿಯ ಜವಾಬ್ದಾರಿ ದೊಡ್ಡ ಮಗುವಿಗಿರಲಿ. ನಿಮ್ಮ ಮನೆಯವರಿಗೆ ವಾರದ ಎರಡು ಸುಸ್ತಿನ ಅಡುಗೆಯಲ್ಲಿ ಒಂದು. 20 ನಿಮಿಷದ್ದೇ ತಾನೇ, ಕಲಿಯುತ್ತಾರೆ. ಫ್ರಿಡ್ಜಿನ ಹಿಂದಿನ ಮೂಲೆಯನ್ನು ಮಾತ್ರ ಇವತ್ತು ರಾತ್ರಿಯೇ ನೀವು ತೆಗೆದು ನೋಡಿ, ಸಿಕ್ಕಿದ್ದೆಲ್ಲ ಆ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಆಗುತ್ತದೆ.